ಅಂಗಡಿಗೆ ಬಾರದ ಹಾಡುಗಳು ಸರಸ್ವತಿಪುರಂಗೆ ಬಂದ ಸಂಜೆ

ಡಿಸೆಂಬರ್ 27ರ ಸಂಜೆ ಮೈಸೂರಿನ ಸರಸ್ವತಿಪುರಂನ ಒಂದು ಮನೆಯ ಮೊದಲ ಮಹಡಿಯಲ್ಲಿ, ದಿನವೂ ಗಿಟಾರ್ ಪಾಠ ನಡೆಯುವ ಉದ್ದನೆಯ ಕೋಣೆಯಲ್ಲಿ, ಜಮಖಾನದ ಮೇಲೆ ಕುಳಿತ ಸುಮಾರು 40 ಜನರ ಮುಂದೆ, ಅಮೆರಿಕದ ಮೆಂಫಿಸ್ ನಗರದ ‘ಬಿಗ್ ಸ್ಟಾರ್’ ಎಂಬ ತಂಡದ ಹಾಡುಗಳನ್ನು ನಾವು ಏಳು ಮಂದಿ ಸೇರಿ ಹಾಡಿದೆವು, ನುಡಿಸಿದೆವು. ಅರಮನೆಯ ಅಂಗಳದ ಫಲಪುಷ್ಪ ಪ್ರದರ್ಶನಕ್ಕೆ ಊರಿಗೆ ಊರೇ ಹೊರಟು ನಿಂತಿದ್ದ ದಿನವಾದ್ದರಿಂದ, ಹೆಸರೇ ಕೇಳಿರದ ತಂಡವೊಂದರ ಹಾಡು ಕೇಳಲು ಇಷ್ಟು ಜನ ಮಾಗಿಯ ಚಳಿಯಲ್ಲಿ ಶಾಲು ಹೊದ್ದು ಮೆಟ್ಟಿಲು ಹತ್ತಿ ಬಂದದ್ದೇ ನಮಗೆ ದೊಡ್ಡದಾಗಿ ಕಂಡಿತು.

ಆ ದಿನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಂಡದ ಇಬ್ಬರು ಮುಖ್ಯ ರಚನಕಾರರಲ್ಲಿ ಒಬ್ಬರಾದ ಕ್ರಿಸ್ ಬೆಲ್ 1978ರ ಡಿಸೆಂಬರ್ 27ರಂದು, ತಮ್ಮ 27ನೆಯ ವಯಸ್ಸಿನಲ್ಲಿ, ಮೆಂಫಿಸ್‌ನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಇನ್ನೊಬ್ಬರಾದ ಅಲೆಕ್ಸ್ ಚಿಲ್ಟನ್ ಹುಟ್ಟಿದ್ದು 1950ರ ಡಿಸೆಂಬರ್ 28ರಂದು. ಒಬ್ಬರ ಪುಣ್ಯತಿಥಿ, ಬೆಳಗಾದರೆ ಇನ್ನೊಬ್ಬರ ಜನ್ಮದಿನ. ಇಬ್ಬರನ್ನೂ ಒಟ್ಟಿಗೆ ನೆನೆಯಲು ಆ ಸಂಜೆಗಿಂತ ಒಳ್ಳೆಯ ಹೊತ್ತು ನಮಗೆ ಹೊಳೆಯಲಿಲ್ಲ.

ಈ ತಂಡ ನನಗೆ ಸಿಕ್ಕಿದ್ದು 1995ರಲ್ಲಿ. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಶಿಲ್ಲಾಂಗ್‌ನಿಂದ ರಸಾಯನಶಾಸ್ತ್ರ ಓದಲು ಬಂದಿದ್ದ ಹುಡುಗಿ. ಬಿಗ್ ಸ್ಟಾರ್‌ನ ಮೊದಲ ಎರಡು ಆಲ್ಬಂಗಳು 1992ರಲ್ಲಿ ಒಂದೇ ಸಿ.ಡಿ.ಯಾಗಿ ಮರುಮುದ್ರಣಗೊಂಡಿದ್ದವು. ಅವಳ ಅಣ್ಣನ ಬಳಿಯಿದ್ದ ಆ ಸಿ.ಡಿ.ಯನ್ನು ಅವಳು 90 ನಿಮಿಷದ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದಿದ್ದಳು, ಒಂದು ಬದಿಗೆ ಒಂದು ಆಲ್ಬಂನಂತೆ. ಕಾಗದದ ಹೊದಿಕೆಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ, ಸಾಸಿವೆಯಷ್ಟು ಚಿಕ್ಕ ಅಕ್ಷರಗಳಲ್ಲಿ, ಎಲ್ಲ ಹಾಡುಗಳ ಹೆಸರುಗಳನ್ನೂ ಬರೆದಿದ್ದಳು. ಪ್ರತಿ ಆಲ್ಬಂ ಸುಮಾರು 37 ನಿಮಿಷದ್ದು, ಕ್ಯಾಸೆಟ್ಟಿನ ಬದಿ 45 ನಿಮಿಷದ್ದು. ಹೀಗಾಗಿ ಪ್ರತಿ ಬದಿಯ ಕೊನೆಯಲ್ಲೂ ಎಂಟು ನಿಮಿಷ ಬರಿಯ ಸುಯ್ಯೆನ್ನುವ ಸದ್ದು ಉಳಿಯುತ್ತಿತ್ತು. ಅವಳು ಅದನ್ನು ಬೇರೆ ಹಾಡುಗಳಿಂದ ತುಂಬಿಸಿರಲಿಲ್ಲ. ಇವುಗಳ ಪಕ್ಕದಲ್ಲಿ ಬೇರೆ ಯಾವುದನ್ನೂ ಕೂರಿಸಲು ಮನಸ್ಸಾಗಲಿಲ್ಲ ಎಂದಿದ್ದಳು. ಓದು ಮುಗಿಸಿ ಊರಿಗೆ ಹೊರಟಾಗ ಆ ಕ್ಯಾಸೆಟ್ಟನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದಳು. ಅದು ಇಂದಿಗೂ ನನ್ನಲ್ಲಿದೆ.

ಪವರ್ ಪಾಪ್ ಎಂಬ ಮಾತು ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ 1967ರಲ್ಲಿ ತಮ್ಮ ಸಂಗೀತವನ್ನು ಬಣ್ಣಿಸಲು ಬಳಸಿದ ಮಾತು ಅದು. ಮೂರು ಮೂರೂವರೆ ನಿಮಿಷದ ಹಾಡು, ಗಂಟೆ ಬಾರಿಸಿದಂತೆ ಮೊಳಗುವ ಗಿಟಾರ್, ಒಂದರ ಮೇಲೊಂದು ಕುಳಿತ ಎರಡು ಮೂರು ಕಂಠಗಳು, ಅವುಗಳ ಹಿಂದೆ ಹಿಂಜರಿಯದೆ ಬೀಳುವ ಡ್ರಮ್ಸ್ ಪೆಟ್ಟು, ಇವು ಅದರ ಲಕ್ಷಣಗಳು. ಆದರೆ ಬಿಗ್ ಸ್ಟಾರ್ ಈ ಲಕ್ಷಣಗಳೊಳಗೆ ಇಟ್ಟದ್ದು ಬೇರೆಯದೇ ಒಂದು ಭಾವ. ನಮ್ಮವರಿಗೆ ಹೇಳುವುದಾದರೆ, ಮುಖಾರಿ ರಾಗದಲ್ಲಿ ಹೇಳಬೇಕಾದ ದುಃಖವನ್ನು ಉಲ್ಲಾಸದ ಬಿಲಹರಿಯಲ್ಲಿ ಹಾಡಿದಂತೆ. ಕೇಳಿದ ತಕ್ಷಣ ಮನಸ್ಸು ಹಗುರಾಗುತ್ತದೆ, ಹಾಡು ಮುಗಿದ ಮೇಲೆ ಭಾರವೆಲ್ಲ ಒಳಗೇ ಇಳಿದಿರುವುದು ತಿಳಿಯುತ್ತದೆ.

ಅಲೆಕ್ಸ್ ಚಿಲ್ಟನ್ 16ನೆಯ ವಯಸ್ಸಿಗೇ ‘ಬಾಕ್ಸ್ ಟಾಪ್ಸ್’ ತಂಡದಲ್ಲಿ ಹಾಡಿ 1967ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದವರು. ಆ ಯಶಸ್ಸನ್ನು ಬಿಟ್ಟು ಊರಿಗೆ ಮರಳಿದ ಅವರು 1971ರಲ್ಲಿ ಕ್ರಿಸ್ ಬೆಲ್, ಬಾಸ್ ನುಡಿಸುವ ಆಂಡಿ ಹಮ್ಮೆಲ್, ಡ್ರಮ್ಸ್ ನುಡಿಸುವ ಜೋಡಿ ಸ್ಟೀಫನ್ಸ್ ಇವರನ್ನು ಸೇರಿಕೊಂಡರು. ಹೆಸರು ಹುಡುಕಲು ಅವರು ದೂರ ಹೋಗಲಿಲ್ಲ. ಜಾನ್ ಫ್ರೈ ಅವರ ಆರ್ಡೆಂಟ್ ಸ್ಟುಡಿಯೊದ ಸಮೀಪದಲ್ಲೇ ‘ಬಿಗ್ ಸ್ಟಾರ್’ ಎಂಬ ದಿನಸಿ ಅಂಗಡಿಯಿತ್ತು, ಅದನ್ನೇ ಇಟ್ಟುಕೊಂಡರು. 1972ರ ಮೊದಲ ಆಲ್ಬಂಗೆ ‘ನಂಬರ್ ಒನ್ ರೆಕಾರ್ಡ್’ ಎಂದು ಹೆಸರಿಟ್ಟರು. ಇಪ್ಪತ್ತರ ಆಸುಪಾಸಿನ ಹುಡುಗರು ತಮ್ಮ ಕೆಲಸದ ಮೇಲೆ ಅಷ್ಟು ಭರವಸೆ ಇಟ್ಟಿದ್ದರು. ಆ ಭರವಸೆ ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಮುಂದೆ ನಡೆದದ್ದನ್ನು ಬಲ್ಲವರೆಲ್ಲ ಇಂದಿಗೂ ನಿಟ್ಟುಸಿರಿನೊಂದಿಗೇ ಹೇಳುತ್ತಾರೆ. ಪತ್ರಿಕೆಗಳ ವಿಮರ್ಶಕರು ಹೊಗಳಿದರು, ರೇಡಿಯೊದಲ್ಲಿ ಕೇಳಿದವರು ಅಂಗಡಿಗೆ ಹೋಗಿ ಕೇಳಿದರು, ಅಂಗಡಿಯಲ್ಲಿ ರೆಕಾರ್ಡ್ ಇರಲಿಲ್ಲ. ಆರ್ಡೆಂಟ್‌ನ ರೆಕಾರ್ಡುಗಳನ್ನು ಮಾರುಕಟ್ಟೆಗೆ ತಲುಪಿಸುವ ಹೊಣೆ ಸ್ಟ್ಯಾಕ್ಸ್ ಸಂಸ್ಥೆಯದಾಗಿತ್ತು. ಆಫ್ರಿಕನ್-ಅಮೆರಿಕನ್ನರ ‘ಸೋಲ್’ ಎಂಬ ಸಂಗೀತದಲ್ಲಿ ದೊಡ್ಡ ಹೆಸರಾಗಿದ್ದ ಅದಕ್ಕೆ ಇಂಥ ರಾಕ್ ಹಾಡುಗಳನ್ನು ಕೊಳ್ಳುವವರ ಅಂಗಡಿಗಳ ದಾರಿ ಅಷ್ಟಾಗಿ ಗೊತ್ತಿರಲಿಲ್ಲ. ಬಳಿಕ ಸ್ಟ್ಯಾಕ್ಸ್ ತನ್ನ ವಿತರಣೆಯನ್ನೆಲ್ಲ ಕೊಲಂಬಿಯಾ ಸಂಸ್ಥೆಗೆ ಒಪ್ಪಿಸಿತು, ಹಳೆಯ ವಿತರಕರು ಕೈಬಿಟ್ಟರು, ಹೊಸಬರು ಕೈಗೆತ್ತಿಕೊಳ್ಳಲಿಲ್ಲ. ಮೊದಲ ಆಲ್ಬಂ ಆ ಕಾಲದಲ್ಲಿ 10,000 ಪ್ರತಿಗಿಂತ ಕಡಿಮೆ ಮಾರಾಟವಾಯಿತು. ಎಲ್ಲರಿಗಿಂತ ಹೆಚ್ಚು ನೊಂದವರು ಆ ಆಲ್ಬಂನ ಧ್ವನಿಯನ್ನು ಹಗಲಿರುಳು ಕೂತು ತಿದ್ದಿದ್ದ ಕ್ರಿಸ್ ಬೆಲ್. ಅವರು 1972ರ ಕೊನೆಯಲ್ಲೇ ತಂಡ ಬಿಟ್ಟರು. ಉಳಿದ ಮೂವರು ಸೇರಿ ಮಾಡಿದ ‘ರೇಡಿಯೊ ಸಿಟಿ’ 1974ರಲ್ಲಿ ಬಂದಾಗಲೂ ಇದೇ ಕತೆ. ಛಾಯಾಗ್ರಾಹಕ ವಿಲಿಯಂ ಎಗ್ಲ್‌ಸ್ಟನ್ ತೆಗೆದ, ರಕ್ತಗೆಂಪು ಬಣ್ಣ ಬಳಿದ ಚಾವಣಿಯಲ್ಲಿ ಬರಿಯ ಬಲ್ಬೊಂದು ಇರುವ ಚಿತ್ರವುಳ್ಳ ಆ ಹೊದಿಕೆಯನ್ನು ನೋಡಬೇಕಾಗಿದ್ದ ಕಣ್ಣುಗಳು ಅದನ್ನು ನೋಡಲೇ ಇಲ್ಲ. ಆ ಆಲ್ಬಂ ಮುಗಿದ ಮೇಲೆ ಆಂಡಿ ಹಮ್ಮೆಲ್ ಕೂಡ ಓದಿನ ಕಡೆಗೆ ತಿರುಗಿ, ಮುಂದೆ ಎಂಜಿನಿಯರ್ ಆಗಿ ಟೆಕ್ಸಾಸ್‌ನಲ್ಲಿ ನೆಲೆಸಿದರು. 1980ರ ದಶಕದ ಆರಂಭದಲ್ಲಿ ಚಿಲ್ಟನ್ ನ್ಯೂ ಆರ್ಲಿಯನ್ಸ್‌ನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡುತ್ತಿದ್ದರು.

ಹಾಗಿದ್ದರೂ ಹಾಡು ಉಳಿದದ್ದು ಹೇಗೆ? 1973ರ ಮೇ ತಿಂಗಳಲ್ಲಿ ಮೆಂಫಿಸ್‌ನಲ್ಲಿ ರಾಕ್ ಸಂಗೀತದ ಬರಹಗಾರರ ಸಮಾವೇಶವೊಂದು ಸೇರಿತ್ತು, ಅಲ್ಲಿ ಬಿಗ್ ಸ್ಟಾರ್ ನುಡಿಸಿತು. ಒಡೆದು ಹೋಗುವ ಅಂಚಿನಲ್ಲಿದ್ದ ತಂಡವನ್ನು ಕಿಕ್ಕಿರಿದ ಸಭೆ ಎದ್ದು ಕುಣಿದು ಬರಮಾಡಿಕೊಂಡಿತು, ಆ ಬರಹಗಾರರು ಊರೂರಿಗೆ ಹೋಗಿ ಬರೆದರು. ಅವರನ್ನು ಓದಿದವರಲ್ಲಿ ಕೆಲವರು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹುಡುಕಿ ರೆಕಾರ್ಡ್ ತಂದುಕೊಂಡರು, ಗೆಳೆಯರಿಗೆ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟರು, ಅವರಲ್ಲಿ ಕೆಲವರು ತಾವೇ ತಂಡ ಕಟ್ಟಿದರು. ಆರ್.ಇ.ಎಂ., ರಿಪ್ಲೇಸ್‌ಮೆಂಟ್ಸ್, ಟೀನೇಜ್ ಫ್ಯಾನ್‌ಕ್ಲಬ್ ಎಲ್ಲ ಈ ದಾರಿಯಲ್ಲಿ ಬಂದವರು. ಬಿಗ್ ಸ್ಟಾರ್‌ನ ‘ಸೆಪ್ಟೆಂಬರ್ ಗರ್ಲ್ಸ್’ ಹಾಡನ್ನು 1986ರಲ್ಲಿ ಬ್ಯಾಂಗಲ್ಸ್ ತಂಡ ಹಾಡಿದಾಗ, ಮೂಲವನ್ನು ಎಂದೂ ಕೇಳಿರದ ಲಕ್ಷಾಂತರ ಮನೆಗಳಿಗೆ ಅದು ಹೋಯಿತು. ಸಂಸ್ಥೆಗಳು ಮಾಡದ ಕೆಲಸವನ್ನು ಕೇಳುಗರು ಕೈಯಿಂದ ಕೈಗೆ ದಾಟಿಸಿ ಮಾಡಿದರು. ಬಿಗ್ ಸ್ಟಾರ್‌ಗೆ ಸಲ್ಲುವ ಗೌರವ ಕಛೇರಿಗಳನ್ನು ಬರಿಯ ನೆನಪಿನ ಸಭೆಗಳೆಂದು ಕರೆಯಲು ನನಗೆ ಮನಸ್ಸಾಗದಿರುವುದು ಇದಕ್ಕಾಗಿಯೇ. ಬೇರೆ ತಂಡಗಳ ವಿಷಯದಲ್ಲಿ ಅಂಥ ಕಛೇರಿ ಈಗಾಗಲೇ ಬಂದು ಹೋದದ್ದನ್ನು ನೆನೆಯುತ್ತದೆ. ಇಲ್ಲಿ ಅದು ಬರಬೇಕಾಗಿದ್ದು ಬಾರದೇ ಉಳಿದದ್ದನ್ನು ಈಗ ತಂದು ಮುಟ್ಟಿಸುತ್ತದೆ.

ಅಂಥ ಕಛೇರಿಗಳಲ್ಲಿ ಒಂದು ಹುಟ್ಟಿದ ಬಗೆ ಕರುಳು ಹಿಂಡುವಂಥದ್ದು. ಚಿಲ್ಟನ್ ಮತ್ತು ಸ್ಟೀಫನ್ಸ್ 1993ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ‘ಪೋಸೀಸ್’ ತಂಡದ ಜಾನ್ ಆವರ್ ಹಾಗೂ ಕೆನ್ ಸ್ಟ್ರಿಂಗ್‌ಫೆಲೋ ಜೊತೆ ಸೇರಿ ಬಿಗ್ ಸ್ಟಾರ್‌ಗೆ ಮರುಜೀವ ಕೊಟ್ಟಿದ್ದರು. 2010ರ ಮಾರ್ಚ್ 20ರಂದು ಈ ನಾಲ್ವರು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನುಡಿಸಬೇಕಾಗಿತ್ತು. ಮಾರ್ಚ್ 17ರಂದು ಚಿಲ್ಟನ್ ಹೃದಯಾಘಾತದಿಂದ ತೀರಿಕೊಂಡರು. ಕಾರ್ಯಕ್ರಮವನ್ನು ರದ್ದು ಮಾಡದೆ, ಗೊತ್ತಾದ ದಿನದಂದೇ, ಅವರ ಜಾಗದಲ್ಲಿ ಒಬ್ಬೊಬ್ಬ ಹಾಡುಗಾರರು ಒಂದೊಂದು ಹಾಡಿಗೆ ಎದ್ದು ನಿಂತು ಕಛೇರಿ ಮುಗಿಸಿಕೊಟ್ಟರು. ಆಂಡಿ ಹಮ್ಮೆಲ್ ಕೂಡ ಬಂದು ವೇದಿಕೆ ಹತ್ತಿದರು. ಅದೇ ವರ್ಷದ ಜುಲೈನಲ್ಲಿ ಅವರೂ ಕ್ಯಾನ್ಸರ್‌ನಿಂದ ಹೋದರು. ಇಂದು ಮೂಲ ನಾಲ್ವರಲ್ಲಿ ಉಳಿದಿರುವವರು ಜೋಡಿ ಸ್ಟೀಫನ್ಸ್ ಒಬ್ಬರೇ.

ಮೂರನೆಯ ಆಲ್ಬಂ ಬಗ್ಗೆ ನಾನು ಸ್ವಲ್ಪ ನಿಂತು ಬರೆಯಬೇಕು, ಏಕೆಂದರೆ ನಾನು ಪಿಟೀಲಿನವಳು. 1974ರಲ್ಲಿ ಜಿಮ್ ಡಿಕಿನ್ಸನ್ ಅವರ ನಿರ್ಮಾಣದಲ್ಲಿ ಧ್ವನಿಮುದ್ರಣಗೊಂಡು, ಕೊಳ್ಳುವವರಿಲ್ಲದೆ ಬಿದ್ದಿದ್ದು, 1978ರಲ್ಲಿ ಹೊರಬಂದ ಆಲ್ಬಂ ಅದು. ಅದಕ್ಕೆ ಖಚಿತವಾದ ಹೆಸರಿಲ್ಲ, ಹಾಡುಗಳ ಅನುಕ್ರಮವೂ ಗೊತ್ತಾಗಿರಲಿಲ್ಲ, ಪ್ರತಿ ಮರುಮುದ್ರಣದಲ್ಲೂ ಸಾಲು ಬದಲಾಗುತ್ತಾ ಬಂದಿದೆ. ಜೋಡಿ ಸ್ಟೀಫನ್ಸ್ ತಾವೇ ಬರೆದು ಹಾಡಿದ ‘ಫಾರ್ ಯೂ’ ಎಂಬ ಹಾಡಿಗೆ ತಂತಿವಾದ್ಯಗಳು ಬೇಕೆಂದು ಬಯಸಿದರು. ಕಾರ್ಲ್ ಮಾರ್ಷ್ ಎಂಬವರು ಅವನ್ನು ಬರೆದುಕೊಟ್ಟರು, ಚಿಲ್ಟನ್‌ಗೆ ಅದು ಹಿಡಿಸಿ ತಮ್ಮ ಹಾಡುಗಳಿಗೂ ಬರೆಸಿಕೊಂಡರು. ಅವುಗಳಲ್ಲಿ ಒಂದಕ್ಕೆ ‘ಸ್ಟ್ರೋಕ್ ಇಟ್, ನೋಯೆಲ್’ ಎಂದು ಹೆಸರು. ನೋಯೆಲ್ ಗಿಲ್ಬರ್ಟ್ ಎಂಬವರು ಆ ದಿನ ಸ್ಟುಡಿಯೊದಲ್ಲಿ ಪಿಟೀಲು ನುಡಿಸಿದ ಮೆಂಫಿಸ್‌ನ ಹಿರಿಯ ವಾದಕರು. ‘ಎಳೆಯಿರಿ ಕಮಾನು, ನೋಯೆಲ್’ ಎಂಬ ಮಾತೇ ಹಾಡಿನ ಹೆಸರಾಗಿದೆ. ಪಕ್ಕವಾದ್ಯದವರ ಹೆಸರು ಕರಪತ್ರದ ಮೂಲೆಯಲ್ಲಿ ಅಚ್ಚಾಗುವುದನ್ನೇ ನೋಡುತ್ತಾ ಬೆಳೆದ ನನಗೆ, ಒಬ್ಬ ಪಿಟೀಲು ವಾದಕನ ಹೆಸರನ್ನೇ ಹಾಡಿನ ತಲೆಯ ಮೇಲೆ ಇಟ್ಟದ್ದನ್ನು ತಿಳಿದ ದಿನ ಕಣ್ಣು ತುಂಬಿತ್ತು.

ಈ ಮೂರನೆಯ ಆಲ್ಬಂ ಅನ್ನು ವೇದಿಕೆಯ ಮೇಲೆ ಪೂರ್ತಿಯಾಗಿ, ಆ ತಂತಿವಾದ್ಯಗಳ ಸಮೇತ ನುಡಿಸಬೇಕೆಂದು ಹಟ ಹಿಡಿದವರು ಸಂಗೀತಗಾರ ಕ್ರಿಸ್ ಸ್ಟೇಮಿ. 1978ರಲ್ಲಿ ಕ್ರಿಸ್ ಬೆಲ್ ತಂಡ ಬಿಟ್ಟ ಮೇಲೆ ತಮ್ಮದೇ ಹೆಸರಿನಲ್ಲಿ ಮಾಡಿದ ರೆಕಾರ್ಡನ್ನು ತಮ್ಮ ಪುಟ್ಟ ಲೇಬಲ್‌ನಿಂದ ಹೊರತಂದವರೂ ಇವರೇ. 2010ರ ಡಿಸೆಂಬರ್‌ನಲ್ಲಿ ಉತ್ತರ ಕೆರೊಲಿನಾದ ಕಾರ್ಬರೋದಲ್ಲಿ ಮೊದಲ ಪ್ರಯೋಗವಾಯಿತು, ಆಮೇಲೆ ಲಂಡನ್ ಸೇರಿದಂತೆ ಹಲವು ಕಡೆ. 2016ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ನಡೆದದ್ದನ್ನು ಚಿತ್ರೀಕರಿಸಿ ಮರುವರ್ಷ ಬಿಡುಗಡೆ ಮಾಡಿದರು. ಕ್ರೊನೋಸ್ ಕ್ವಾರ್ಟೆಟ್ ಎಂಬ ನಾಲ್ವರು ತಂತಿವಾದಕರ ತಂಡ ಕುಳಿತು ಆ ಭಾಗಗಳನ್ನು ನುಡಿಸುವುದನ್ನು ನಾನು ನೋಡಿದ್ದು ಆ ಚಿತ್ರದಲ್ಲಿ. ನಮ್ಮಲ್ಲೂ ಆಗಬಹುದಲ್ಲ ಎಂಬ ಆಸೆ ಹುಟ್ಟಿದ್ದು ಅಲ್ಲಿಂದ.

ಗಿಟಾರ್ ಕಲಿಸುವ ಯುವಕರೊಬ್ಬರೂ ಅವರ ನಾಲ್ವರು ಗೆಳೆಯರೂ ಮೊದಲ ಆಲ್ಬಂನ ಹಾಡುಗಳನ್ನು ಆಗಲೇ ಚೆನ್ನಾಗಿ ಹಿಡಿದಿದ್ದರು. ಪಿಟೀಲಿಗೆ ನಾನು ಮತ್ತು ನನ್ನಲ್ಲಿ ಎಂಟು ವರ್ಷದಿಂದ ಕಲಿಯುತ್ತಿರುವ ಒಬ್ಬ ಹುಡುಗಿ. ನಾವು ತಂತಿಗಳನ್ನು ಸ-ಪ-ಸ-ಪ ಎಂದು ಶ್ರುತಿ ಮಾಡಿ, ನೆಲದ ಮೇಲೆ ಕುಳಿತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಇಟ್ಟು ನುಡಿಸುವವರು. ಪಾಶ್ಚಾತ್ಯ ವಾದಕರಂತೆ ಶ್ರುತಿ ಬದಲಿಸಿದರೆ ಬೆರಳಿಗೆ ದಾರಿ ತಪ್ಪುತ್ತದೆ. ಆದ್ದರಿಂದ ಗಿಟಾರಿನ ಮೂಲ ಸ್ವರವನ್ನೇ ಷಡ್ಜ ಎಂದಿಟ್ಟುಕೊಂಡು ತಂತಿಗಳನ್ನು ಅದಕ್ಕೆ ಏರಿಸಿ, ಧ್ವನಿಮುದ್ರಣವನ್ನು ತುಣುಕು ತುಣುಕಾಗಿ ಕೇಳಿ, ನೋಟ್‌ಬುಕ್ಕಿನಲ್ಲಿ ಸ್ವರ ಬರೆದುಕೊಂಡೆ. ಬರೆದದ್ದು ಸರಿಯಾಗಿಯೇ ಇತ್ತು, ಆದರೆ ನುಡಿಸಿದರೆ ಹಾಡಿಗೆ ಒಗ್ಗುತ್ತಿರಲಿಲ್ಲ. ಹುಡುಗಿಯ ಕೈ ಗಾಂಧಾರದಿಂದ ರಿಷಭಕ್ಕೆ ಇಳಿಯುವಾಗ ತಾನಾಗಿ ಜಾರುತ್ತಿತ್ತು, ಮಧ್ಯಮ ತಾನಾಗಿ ತೂಗುತ್ತಿತ್ತು. ಎಂಟು ವರ್ಷ ನಾನೇ ಕೂರಿಸಿದ ಗಮಕ ಅದು. ನನ್ನ ಕೈಯೂ ಅದನ್ನೇ ಮಾಡುತ್ತಿತ್ತು. ಒಂದು ಪಿಟೀಲಿನಲ್ಲಿ ಅದು ಚೆಲುವಾಗಿಯೇ ಕೇಳುತ್ತದೆ. ಎರಡನೆಯದು ಮೂರು ಸ್ವರ ಕೆಳಗೆ ಬೇರೆ ಸಾಲನ್ನು ನುಡಿಸುತ್ತಿರುವಾಗ, ತೂಗುವ ಎರಡು ಸ್ವರಗಳು ಒಂದನ್ನೊಂದು ತಿಕ್ಕಿ ಇಡೀ ಹಾಡು ಮಂಕಾಗುತ್ತದೆ.

ಎರಡು ವಾರ ಹೀಗೇ ಕಳೆಯಿತು. ಕೊನೆಗೆ ಒಂದು ಸಂಜೆ ನನಗೆ ಹೊಳೆದು, “ದೀಕ್ಷಿತರ ನೊಟ್ಟುಸ್ವರ ನುಡಿಸುವ ಹಾಗೆ ನುಡಿಸು” ಎಂದೆ. ಅವಳು ತಲೆಯೆತ್ತಿ ನೋಡಿದಳು, ಕಮಾನು ಹಿಡಿದ ಮಣಿಕಟ್ಟನ್ನು ಸಡಿಲಿಸಿದಳು, ಒಂದೊಂದು ಸ್ವರವೂ ಗೆರೆ ಎಳೆದಂತೆ ನೆಟ್ಟಗೆ ಬಂದು ನಿಂತಿತು. ಮುತ್ತುಸ್ವಾಮಿ ದೀಕ್ಷಿತರು ಯೂರೋಪಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ರಚಿಸಿದ, ಶಂಕರಾಭರಣದ ಸ್ವರಗಳನ್ನು ಗಮಕವಿಲ್ಲದೆ ಹಾಡುವ ಆ ಪುಟ್ಟ ರಚನೆಗಳನ್ನು ಅವಳು ಏಳನೆಯ ವಯಸ್ಸಿನಲ್ಲೇ ಕಲಿತಿದ್ದಳು. ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರೂ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ. ಮೆಂಫಿಸ್‌ನ ಆ ಸಾಲುಗಳನ್ನು ನುಡಿಸುವ ದಾರಿ ಇನ್ನೂರು ವರ್ಷಗಳಿಂದ ನಮ್ಮ ಮನೆಯೊಳಗೇ ಇತ್ತು, ನಾವು ಹೊರಗೆ ಹುಡುಕುತ್ತಿದ್ದೆವು.

ಇದರ ಬಗ್ಗೆ ಯೋಚಿಸುವಾಗ ಮೈಸೂರಿನವರಾದ ನಮಗೆ ಇನ್ನೊಂದು ಸಂಗತಿ ನೆನಪಾಗದೆ ಇರದು. ಜಯಚಾಮರಾಜ ಒಡೆಯರು ನಿಕೊಲಾಯ್ ಮೆಡ್ಟ್‌ನರ್ ಎಂಬ ರಷ್ಯನ್ ರಚನಕಾರರ ಸಂಗೀತವನ್ನು ಮೆಚ್ಚಿದ್ದರು. ಲಂಡನ್‌ನಲ್ಲಿ ವೃದ್ಧಾಪ್ಯ ಕಳೆಯುತ್ತಿದ್ದ, ಆ ಕಾಲದಲ್ಲಿ ಕೇಳುವವರು ತೀರ ಕಡಿಮೆಯಾಗಿದ್ದ ಮನುಷ್ಯ ಅವರು. 1940ರ ದಶಕದ ಕೊನೆಯಲ್ಲಿ ಮಹಾರಾಜರು ಹಣ ಕೊಟ್ಟು, ಮೆಡ್ಟ್‌ನರ್ ಹೆಸರಿನ ಸೊಸೈಟಿಯೊಂದನ್ನು ಸ್ಥಾಪಿಸಿ, ಮೆಡ್ಟ್‌ನರ್ ತಾವೇ ಪಿಯಾನೊ ನುಡಿಸಿದ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಿದರು. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ತಲುಪದೆ ಉಳಿದ ಸಂಗೀತವನ್ನು ಅದು ಹುಟ್ಟಿದ ಊರಿಗಿಂತ ಎಷ್ಟೋ ದೂರದ ಊರು ಕೈಹಿಡಿಯಬಹುದೆಂಬುದು ಮೈಸೂರಿಗೆ ಹೊಸದಲ್ಲ. ಮಹಾರಾಜರ ಖಜಾನೆ ನಮ್ಮಲ್ಲಿಲ್ಲ, ಎರಡು ಆಂಪ್ಲಿಫೈಯರ್ ಬಾಡಿಗೆಗೆ ತರಲು ಏಳು ಜನ ಹಣ ಹಾಕಿದೆವು.

ಆ ಸಂಜೆ ಪ್ರತಿ ಹಾಡಿಗೆ ಮುನ್ನ ಅದರ ಭಾವಾರ್ಥವನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದಾಗಿತ್ತು. ‘ಥರ್ಟೀನ್’ ಹಾಡಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯವರೆಗೆ ನಿನ್ನ ಜೊತೆ ನಡೆದು ಬರಲೇ ಎಂದು ಕೇಳುವ ಹುಡುಗನ ಹಾಡು ಎಂದೆ, ಜಮಖಾನದ ತುಂಬ ನಗು ಹರಡಿತು, ಒಂದೇ ಗಿಟಾರಿಗೆ ಹಾಡು ಶುರುವಾಯಿತು, ನಗು ಹಾಗೇ ಮೌನವಾಯಿತು. ಅದರ ಮುಂದಿನ ಹಾಡಿನಲ್ಲಿ ಎಡವಿದೆವು. ಮೇಲಿನ ಧ್ವನಿ ಹಾಡುವವರಿಗೆ ಉಳಿದಿಬ್ಬರ ಕಂಠ ಕೇಳಿಸದೆ ಶ್ರುತಿ ತಪ್ಪಿ, ಪಲ್ಲವಿಯಲ್ಲೇ ನಿಲ್ಲಿಸಿ ಕ್ಷಮೆ ಕೇಳಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಎರಡನೆಯ ಸಲ ಮೂವರೂ ಪರಸ್ಪರ ಹೆಗಲು ತಾಗುವಷ್ಟು ಹತ್ತಿರ ನಿಂತು ಹಾಡಿದರು. ಈ ಹಾಡುಗಳನ್ನು ಹಾಡಬೇಕಾದದ್ದೇ ಹಾಗೆಂದು ನನಗೆ ಈಗ ಅನ್ನಿಸುತ್ತದೆ, ಮುಂದೆಯೂ ಹಾಗೆಯೇ ನಿಲ್ಲಿಸುತ್ತೇವೆ. ಸಭೆಯಲ್ಲಿದ್ದ ಹಿರಿಯ ಮೃದಂಗ ವಾದಕರೊಬ್ಬರು ಡ್ರಮ್ಸ್ ಹುಡುಗನನ್ನು ಕರೆದು, ಮುಕ್ತಾಯಕ್ಕೆ ಒಂದು ಪೆಟ್ಟು ಮುಂಚೆ ಕೈ ಎತ್ತಿ ಜಾಗ ಬಿಡುತ್ತೀಯಲ್ಲ, ಅದು ಯಾರದು ಎಂದು ಕೇಳಿದರು. ಜೋಡಿ ಸ್ಟೀಫನ್ಸ್ ಅವರದು ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಪಿಟೀಲಿನ ಎರಡು ಹಾಡುಗಳನ್ನು ಕೊನೆಗೆ ಇಟ್ಟುಕೊಂಡಿದ್ದೆವು. ನೋಯೆಲ್ ಗಿಲ್ಬರ್ಟ್ ಯಾರೆಂದು ಹೇಳಿ, ನನ್ನ ಪಕ್ಕದ ಹುಡುಗಿಗೆ ಕಣ್ಸನ್ನೆ ಮಾಡಿದೆ. ಮೊದಲ ಸಾಲು ಅವಳದೊಂದೇ. ಗಾಂಧಾರ ಅಲುಗದೆ ನಿಂತಿತು, ನನ್ನ ಸಾಲು ಅದರ ಕೆಳಗೆ ಹೋಗಿ ಕುಳಿತಿತು, ಗಿಟಾರ್ ಬಂದು ಸೇರಿತು.

ರಾತ್ರಿ ಮನೆಗೆ ಬಂದು ಮೊಬೈಲಿನಲ್ಲಿ ಹಿಡಿದ ಆ ಧ್ವನಿಮುದ್ರಣವನ್ನು ಶಿಲ್ಲಾಂಗ್‌ಗೆ, ಕ್ಯಾಸೆಟ್ಟು ಬಿಟ್ಟುಹೋದ ಗೆಳತಿಗೆ ಕಳುಹಿಸಿದೆ. ಈಗ ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಬೆಳಿಗ್ಗೆ ಉತ್ತರ ಬಂದಿತ್ತು: ಎರಡನೆಯ ಬದಿ ಯಾವಾಗ?

ಮುಂದಿನ ಡಿಸೆಂಬರ್‌ಗೆ ‘ರೇಡಿಯೊ ಸಿಟಿ’ಯನ್ನು ಪೂರ್ತಿಯಾಗಿ ನುಡಿಸುವುದೆಂದು ಆಗಲೇ ತೀರ್ಮಾನಿಸಿದ್ದೇವೆ. ಅದಕ್ಕೆ ಇನ್ನೊಂದು ಗಿಟಾರ್ ಬೇಕು, ತಾರಸ್ಥಾಯಿಯಲ್ಲಿ ದಣಿಯದೆ ಹಾಡಬಲ್ಲ ಇನ್ನೊಂದು ಕಂಠ ಬೇಕು. ಮೈಸೂರಿನಲ್ಲೋ ಮಂಡ್ಯದಲ್ಲೋ ಇದ್ದು ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಮನಸ್ಸಿದ್ದರೆ ದಯವಿಟ್ಟು ತಿಳಿಸಿ. ಅಭ್ಯಾಸ ಭಾನುವಾರ ಸಂಜೆ ನಡೆಯುತ್ತದೆ, ಹಾಡುಗಳು ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ, ನಾವು ಇಳಿಸಿ ಕೊಡುತ್ತೇವೆ.